ನಿಮಗಿದು ಗೊತ್ತೆ? ಆಟದ ಸ್ಟಿಯರಿಂಗೂ ಕೈ ಜಗ್ಗುತ್ತೆ!

ಕಂಪ್ಯೂಟರ್ ರೇಸಿಂಗ್ ಆಟಕ್ಕೆಂದೇ ಬರುವ ಲಾಜಿಟೆಕ್ ಜಿ29 ಸ್ಟಿಯರಿಂಗ್ 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ತಿರುಗುತ್ತದೆ. ಬಹಳಷ್ಟು ಕಾರುಗಳದೂ ಹೆಚ್ಚುಕಡಿಮೆ ಇಷ್ಟೇ. ಆಟದ ತಿರುವಿನಲ್ಲಿ ಈ ಸ್ಟಿಯರಿಂಗ್ ಒಳಗಿನ ಮೋಟಾರು ಕೈಯನ್ನು ಎದುರು ದಿಕ್ಕಿಗೆ ಜಗ್ಗುತ್ತದೆ; ಗಾಲಿ ಜಾರಿದರೆ ಹಿಡಿತ ಸಡಿಲಾದದ್ದು ಬೆರಳಿಗೇ ತಿಳಿಯುತ್ತದೆ. ದುಬಾರಿ ಸೆಟ್‌ಗಳಲ್ಲಿ ಬ್ರೇಕ್ ಪೆಡಲ್ ನೀವು ತುಳಿದ ಬಲವನ್ನೇ ಅಳೆಯುತ್ತದೆ. ದುಡ್ಡು ಹಾಕುವುದಾದರೆ ಮೊದಲು ಇಂಥ ಪೆಡಲಿಗೇ ಹಾಕಬೇಕು.

ಗ್ರ್ಯಾನ್ ಟುರಿಸ್ಮೊ ಎಂಬ ರೇಸಿಂಗ್ ಆಟ ಆಡುತ್ತಲೇ 2011ರಲ್ಲಿ ಜಿಟಿ ಅಕಾಡೆಮಿ ಸ್ಪರ್ಧೆ ಗೆದ್ದ ಬ್ರಿಟನ್ನಿನ ಜಾನ್ ಮಾರ್ಡನ್‌ಬರೊ ವೃತ್ತಿಪರ ರೇಸರ್ ಆದರು.

ರಾಯಚೂರು, ಮಾನ್ವಿ, ದೇವದುರ್ಗದ ಹುಡುಗ ಹುಡುಗಿಯರೇ, ಮನೆಯಲ್ಲಿ ಧಾರಾಳವಾಗಿ ಆಡಿ. ನಿಮ್ಮ ಜಿಲ್ಲೆಯ ಕೆಎ-36 ಫಲಕದ ಕಾರು ಓಡಿಸಲು ಮಾತ್ರ 18 ತುಂಬಿರಬೇಕು, ಲೈಸೆನ್ಸ್ ಇರಬೇಕು. ರೇಸಿಂಗ್ ಏನಿದ್ದರೂ ಪರದೆಯ ಮೇಲೆಯೇ ಇರಲಿ.