ಮಗು ಬಿದ್ದದ್ದು ಮರೆತರೂ ದವಡೆ ಮರೆಯದು

ಧಾರವಾಡ: ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ಹಳ್ಳಿಗಳಲ್ಲಿ ಮಕ್ಕಳು ಚಕ್ಕಡಿಯಿಂದಲೋ ಮರದಿಂದಲೋ ಬೀಳುವುದು ಹೊಸತಲ್ಲ. ಆದರೆ ಗದ್ದ ನೆಲಕ್ಕೆ ಬಡಿದಿದ್ದರೆ ಅದನ್ನು ಲಘುವಾಗಿ ಪರಿಗಣಿಸುವಂತಿಲ್ಲ.

ಕಿವಿಯ ಮುಂಭಾಗದ ಕೀಲು ಕೆಳದವಡೆಯ ಬೆಳವಣಿಗೆಗೆ ಮುಖ್ಯವಾದುದು. ಗದ್ದದ ಗಾಯ ಮಾಯ್ದರೂ ಕೀಲಿನ ಪೆಟ್ಟು ಗಮನಕ್ಕೆ ಬಾರದೆ ಉಳಿಯಬಹುದು. ಕಿವಿಯ ಸೋಂಕು ಕೀಲಿಗೆ ಹರಡುವುದೂ ಉಂಟು. ಆಗ ಆ ಬದಿಯ ದವಡೆಯ ಬೆಳವಣಿಗೆ ಕುಂಠಿತಗೊಂಡು, ಹದಿಹರೆಯದ ಹೊತ್ತಿಗೆ ಗದ್ದ ಅದೇ ಬದಿಗೆ ವಾಲುತ್ತದೆ. ಮೇಲಿನ, ಕೆಳಗಿನ ಹಲ್ಲುಗಳು ಸರಿಯಾಗಿ ಕೂಡುವುದಿಲ್ಲ.

ಸಾಮಾನ್ಯವಾಗಿ ಮಕ್ಕಳ ಬಾಯಿ ಅವರದೇ ಮೂರು ಬೆರಳುಗಳಷ್ಟು ತೆರೆಯುತ್ತದೆ. ತೆರೆಯದಿದ್ದರೆ, ಅಥವಾ ತೆರೆಯುವಾಗ ಗದ್ದ ಪಕ್ಕಕ್ಕೆ ಸರಿದರೆ ತಪಾಸಣೆ ಅಗತ್ಯ.

ಬೆಳೆಯುವ ವಯಸ್ಸಿನಲ್ಲಿ ದೋಷ ಸೌಮ್ಯವಾಗಿದ್ದರೆ ದಂತ ಸಾಧನಗಳಿಂದ ದವಡೆಯ ಬೆಳವಣಿಗೆಯನ್ನು ತಿದ್ದಲು ಸಾಧ್ಯ. ಬೆಳವಣಿಗೆ ಮುಗಿದ ಮೇಲೆ ಕ್ಲಿಪ್ ಹಲ್ಲುಗಳನ್ನು ಸರಿಸೀತೇ ಹೊರತು ದವಡೆಯನ್ನಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಕೀಲು ಬೆಸೆದುಕೊಂಡು ಬಾಯಿ ತೆರೆಯದಿದ್ದರಂತೂ ಕಾಯುವಂತೆಯೇ ಇಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಶಾಲಾ ಮಕ್ಕಳ ತಪಾಸಣೆಯಲ್ಲಿ ದಂತ ಸಮಸ್ಯೆಗಳೂ ಸೇರಿವೆ. ಧಾರವಾಡ ಸಮೀಪದ ಸತ್ತೂರಿನಲ್ಲಿ 1986ರಿಂದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. 'ದೊಡ್ಡವರಾದರೆ ಸರಿಹೋಗುತ್ತದೆ' ಎಂದು ಪಾಲಕರು ಕಾದಷ್ಟೂ ಸರಳ ಚಿಕಿತ್ಸೆಯ ಅವಕಾಶ ಕೈತಪ್ಪುತ್ತದೆ.