ಹೆದರಬೇಕಾದ್ದು ಅಜಿನೊಮೊಟೊಗಲ್ಲ, ಬೆಳಗಿನ ಅನ್ನಕ್ಕೆ

ಲೋಕಲ್‌ನಲ್ಲಿ ನಿಂತೇ ಬಂದು ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ಇಳಿದು ಮನೆ ಸೇರುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಮಕ್ಕಳಿಗೆ ಚೈನೀಸ್ ಬೇಕು. ‘ಅದಕ್ಕೆ ಬೇಕಾದ ಸಾಮಾನು ಮನೆಯಲ್ಲೆಲ್ಲಿದೆ?’ ಎಂಬುದು ಮೊದಲ ತಪ್ಪು ಕಲ್ಪನೆ.

ನಾವು ಚೈನೀಸ್ ಎನ್ನುವ ಅಡುಗೆಯಲ್ಲಿ ಅರ್ಧ ಮುಂಬಯಿಯದೇ. ಮಂಚೂರಿಯನ್ ಮಂಚೂರಿಯಾದಿಂದ ಬಂದದ್ದಲ್ಲ. ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ 1970ರ ದಶಕದಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್‌ನಲ್ಲಿ ಅದನ್ನು ಮಾಡಿದರು. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದದ್ದೇ ಅವರ ಉಪಾಯ. ಶೆಜವಾನ್ ಚಟ್ನಿಯೂ ಹಾಗೆಯೇ, ನಮ್ಮ ಒಣಮೆಣಸು ಬೆಳ್ಳುಳ್ಳಿಯ ಪಾಕ. ಚೀನಾದ ಸಿಚುವಾನ್ ಅಡುಗೆಯ ನಿಜವಾದ ಗುರುತು ನಾಲಿಗೆ ಮರಗಟ್ಟಿಸುವ ಒಂದು ಪುಟ್ಟ ಕಾಯಿ. ಅದೇ ಕುಲದ ಇನ್ನೊಂದು ಕಾಯಿ ಕರಾವಳಿಯವರ ಡಬ್ಬಿಯಲ್ಲಿದೆ: ಬಂಗುಡೆ ಸಾರಿಗೆ ಹಾಕುವ ಜುಮ್ಮನಕಾಯಿ. ಮರಾಠಿ ಅಂಗಡಿಯಲ್ಲಿ ತಿರ್ಫಳ ಎಂದು ಕೇಳಿ. ಬೀಜ ತೆಗೆದು ಸಿಪ್ಪೆಯನ್ನಷ್ಟೇ ಜಜ್ಜಿ ಹಾಕಿದರೆ ಬಾಟಲಿಯ ಸಾಸ್‌ಗಿಂತ ಸಿಚುವಾನಿಗೆ ಹತ್ತಿರವಾಗುತ್ತೀರಿ.

ಇನ್ನು ಏಷ್ಯಾ ಎಂದರೆ ಚೀನಾ ಒಂದೇ ಅಲ್ಲ. ಇಂಡೋನೇಷ್ಯಾ, ಮಲೇಷ್ಯಾಗಳ ಸಾತೆ ಸಾಸ್‌ಗೆ ಬೇಕಾದ್ದು ಶೇಂಗಾ, ಹುಣಸೆ, ಬೆಲ್ಲ, ಮೆಣಸಿನಕಾಯಿ. ಬಿಜಾಪುರ, ಧಾರವಾಡದ ಕಡೆಯಿಂದ ಬಂದು ಥಾಣೆ, ನವಿಮುಂಬಯಿಗಳಲ್ಲಿ ನೆಲೆಸಿದವರ ಮನೆಯಲ್ಲಿ ಶೇಂಗಾ ಚಟ್ನಿಪುಡಿ ಇದ್ದೇ ಇರುತ್ತದೆ. ಅದರ ಮೂರು ಚಮಚಕ್ಕೆ ಹುಣಸೆ ರಸ, ಚೂರು ಬೆಲ್ಲ, ಅರ್ಧ ಬಟ್ಟಲು ನೀರು ಅಥವಾ ತೆಂಗಿನ ಹಾಲು ಸೇರಿಸಿ ಕುದಿಸಿ. ಬೇಯಿಸಿ ಬಸಿದ ಅಕ್ಕಿ ಶಾವಿಗೆಗೆ ಹುರಿದ ಕೋಸು, ಗಜ್ಜರಿ ಬೆರೆಸಿ ಮೇಲೆ ಸುರಿದರೆ ಇಬ್ಬರ ಊಟ ಮುಗಿಯಿತು. ಮನೆಯ ಗ್ಯಾಸಿನ ಉರಿ ಸಾಲದೆನ್ನುವವರು ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ ತರಕಾರಿಯನ್ನು ಸ್ವಲ್ಪಸ್ವಲ್ಪವೇ ಹುರಿಯಲಿ.

ಅಜಿನೊಮೊಟೊ ವಿಷವೆಂಬ ಮಾತಿಗೆ ಆಧಾರ ತೆಳು. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಸಮುದ್ರಪಾಚಿಯ ಸಾರಿನಿಂದ ಬೇರ್ಪಡಿಸಿದ, ಅಜಿನೊಮೊಟೊದಲ್ಲಿರುವ ಗ್ಲುಟಮೇಟ್ ಟೊಮೆಟೊದಲ್ಲೂ ಇದೆ. ಭಯ ಹುಟ್ಟಿದ್ದು 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದಕ್ಕೆ ಬಂದ ಓದುಗರ ಪತ್ರದಿಂದ. ಆಮೇಲಿನ ಪರೀಕ್ಷೆಗಳಲ್ಲಿ, ಊಟದಲ್ಲಿ ಬಳಸುವಷ್ಟು ಪ್ರಮಾಣಕ್ಕೆ ಆ ಭಯ ನಿಜವೆಂದು ಖಚಿತವಾಗಲಿಲ್ಲ. ಒಂದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಬೇಡ. ಲೆಕ್ಕವಿಡಬೇಕಾದ್ದು ಸೋಯಾ ಸಾಸ್‌ಗೆ. ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವ ಮಿತಿ 2000. ಸಾಸ್ ಹಾಕಿದ ಮೇಲೆ ರುಚಿ ನೋಡದೆ ಉಪ್ಪು ಹಾಕಬೇಡಿ.

ನನಗೆ ನಿಜವಾದ ಕಳವಳವಿರುವುದು ಫ್ರೈಡ್ ರೈಸಿನ ಅನ್ನದ ಬಗ್ಗೆ. ಹಳೆಯ ಅನ್ನವೇ ಉದುರುದುರಾಗಿ ಚೆನ್ನ ಎಂಬುದು ಸರಿ. ಆರಿದ ಅನ್ನದ ಪಿಷ್ಟ ಗಟ್ಟಿಯಾಗುವುದರಿಂದ ಹಾಗಾಗುತ್ತದೆ. ಆದರೆ ಬೆಳಗ್ಗೆ ಆರಕ್ಕೆ ಮಾಡಿದ ಅನ್ನ ರಾತ್ರಿ ಎಂಟರವರೆಗೆ ಕುಕ್ಕರಿನಲ್ಲೇ ಇದ್ದರೆ ಅದು ಬೇರೆ ಮಾತು. ‘ಚೆನ್ನಾಗಿ ಬಿಸಿ ಮಾಡಿದರೆ ಎಲ್ಲ ಸಾಯುತ್ತದೆ’ ಎನ್ನುತ್ತಾರೆ. ಸಾಯುವುದಿಲ್ಲ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೇಯುವಾಗಲೂ ಉಳಿಯುತ್ತವೆ, ನಮ್ಮ ಸೆಕೆಯಲ್ಲಿ ಬೇಗ ಬೆಳೆಯುತ್ತವೆ. ಅವು ಬಿಡುವ, ವಾಂತಿ ಬರಿಸುವ ವಿಷ ಎಷ್ಟು ಹುರಿದರೂ ನಾಶವಾಗದು. ಅನ್ನ ಹಳಸಿದ ವಾಸನೆಯೂ ಬಂದಿರಬೇಕೆಂದಿಲ್ಲ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗಬಹುದು.

‘ಬಿಸಿ ಅನ್ನ ಫ್ರಿಜ್ಜಿಗೆ ಇಡಬಾರದು’ ಎಂದು ಕಾಯುತ್ತ ಕೂರಬೇಡಿ. ಅಗಲ ತಟ್ಟೆಯಲ್ಲಿ ಹರವಿ ಫ್ಯಾನ್ ಹಾಕಿದರೆ ಬೇಗ ಆರುತ್ತದೆ. ಡಬ್ಬಿಗೆ ತುಂಬಿ, ಫ್ರಿಜ್ಜಿಗಿಟ್ಟು ಲೋಕಲ್ ಹಿಡಿಯಿರಿ. ಅದೇ ದಿನ ರಾತ್ರಿ ಹುರಿದು ಮುಗಿಸಿ. ಇಡೀ ದಿನ ಹೊರಗೇ ಉಳಿದ ಅನ್ನವಾದರೆ, ಎಷ್ಟೇ ಜೀವ ಮರುಗಿದರೂ ಚೆಲ್ಲಿಬಿಡಿ.