ಹುಲ್ಲುಗಾವಲಲ್ಲಿ ಗಿಡ ನೆಟ್ಟ ನನ್ನ ತಪ್ಪು ಲೆಕ್ಕ

ಇವತ್ತಿನ ಸಂಚಿಕೆಯನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ಬಿ.ಕಾಂ ಮುಗಿಸಿ ಮೊದಲ ಕೆಲಸಕ್ಕೆ ಸೇರಿದ ವರ್ಷ, ಪರಿಸರ ದಿನಕ್ಕೆ ಅಂತ ಆಫೀಸಿನವರು ನಮ್ಮನ್ನೆಲ್ಲ ಬಸ್ಸಿನಲ್ಲಿ ಹೆಸರಘಟ್ಟದ ಕಡೆ ಕರ್ಕೊಂಡು ಹೋದರು. ಟೀ ಶರ್ಟು, ಇಡ್ಲಿ ವಡೆ, ಆಮೇಲೆ ಗಿಡ ನೆಡೋದು. ನನ್ನ ಕಣ್ಣಿಗೆ ಅದು ಖಾಲಿ ಬಯಲು. ಜೆಸಿಬಿಯಲ್ಲಿ ಗುಂಡಿ ತೋಡಿಟ್ಟಿದ್ದರು. ನಾನು 11 ಗಿಡ ನೆಟ್ಟು ಸೆಲ್ಫಿ ಹಾಕಿದೆ. ದನ ಮೇಯಿಸ್ತಿದ್ದ ತಾತ ಒಬ್ಬರು ಬಂದು, "ಏನಪ್ಪಾ, ಹುಲ್ಲನ್ನೆಲ್ಲ ಹಿಂಗೆ ಬಗೆದು ಹಾಕಿದ್ರೆ ದನ ಏನ್ ತಿನ್ಬೇಕು?" ಅಂದರು. ನಾನು ದೊಡ್ಡದಾಗಿ, "ಮರ ಬಂದ್ರೆ ನಿಮಗೇ ನೆರಳಲ್ವಾ ತಾತಾ" ಅಂದೆ. ಅವರು ಮಾತಾಡದೆ ದನ ಹೊಡ್ಕೊಂಡು ಹೋದರು.

ಲೆಕ್ಕ ಗೊತ್ತಿದ್ದದ್ದು ಅವರಿಗೆ.

ಹುಲ್ಲುಗಾವಲು ಅಂದರೆ ಕಾಡು ಹಾಳಾಗಿ ಉಳಿದ ಜಾಗ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಎಷ್ಟೋ ಕಡೆ ಹಾಗಲ್ಲ, ಅದು ತನ್ನಷ್ಟಕ್ಕೆ ತಾನೇ ಒಂದು ಪೂರ್ತಿ ಪರಿಸರ ವ್ಯವಸ್ಥೆ. ಮರ ಬೆಳೆಯೋದು ತುದಿಯಿಂದ, ತುದಿ ಚಿವುಟಿದರೆ ಅದಕ್ಕೆ ಪೆಟ್ಟು. ಹುಲ್ಲು ಬೆಳೆಯೋದು ಬುಡದಿಂದ, ನೆಲಕ್ಕೆ ಅಂಟಿಕೊಂಡಿರುವ ಭಾಗದಿಂದ. ಅದಕ್ಕೇ ದನ ಮೇಯ್ದರೂ, ಬೇಸಿಗೆಯಲ್ಲಿ ಒಣಗಿದರೂ, ಮೇಲೆ ಬೆಂಕಿ ಹಾದು ಹೋದರೂ ಒಂದು ಮಳೆ ಬಿದ್ದರೆ ಸಾಕು, ಮತ್ತೆ ಚಿಗುರುತ್ತದೆ. ಹುಲ್ಲಿಗೆ ತಡೆಯಲಾಗದ ಒಂದು ವಿಷಯ ಅಂದರೆ ನೆರಳು. ನಾನು ತಾತನಿಗೆ ಉಡುಗೊರೆ ಥರ ಕೊಡೋಕೆ ಹೋಗಿದ್ದೇ ಅದು.

ಆ ಹುಲ್ಲನ್ನು ನಂಬಿಕೊಂಡು ಯಾರ್ಯಾರಿದ್ದಾರೆ ನೋಡಿ. ಮಿಡತೆ, ಇಲಿ. ಮಿಡತೆ ತಿನ್ನೋ ಕಪ್ಪೆ, ಓತಿ, ಹಕ್ಕಿ. ಇವನ್ನೆಲ್ಲ ತಿನ್ನೋ ಹಾವು. ಹಾವನ್ನೇ ಎತ್ತಿಕೊಂಡು ಹೋಗೋ ಗಿಡುಗ. ಚಳಿಗಾಲದಲ್ಲಿ ಕಜಕಿಸ್ತಾನದಂಥ ದೂರದ ಹುಲ್ಲುಗಾವಲುಗಳಿಂದ ಹ್ಯಾರಿಯರ್ ಅನ್ನೋ ಬೇಟೆಹಕ್ಕಿಗಳು ಇಳಿಯುತ್ತವೆ. ಇವು ರಾತ್ರಿ ಮಲಗೋದು ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆ! ನೆಲಗುಬ್ಬಿ ಗೂಡು ಕಟ್ಟೋದೂ ನೆಲದಲ್ಲೇ. ಅಲ್ಲೊಂದು ಮರ ಬಂದರೆ, ಕಾಗೆಗೆ ಕೂತು ಕೆಳಗಿನ ಮೊಟ್ಟೆಗಳ ಮೇಲೆ ಕಣ್ಣಿಡೋಕೆ ಕೊಂಬೆ ಸಿಕ್ಕಿತು ಅಂತಲೇ ಅರ್ಥ. ಜೀವವೈವಿಧ್ಯ ಅಂದರೆ ಜೀವಿಗಳ ತಲೆ ಎಣಿಕೆ ಅಷ್ಟೇ ಅಲ್ಲ. ಬೇರೆಲ್ಲೂ ಬದುಕಲಾರದವು ಇಲ್ಲಿ ಎಷ್ಟಿವೆ ಅನ್ನೋದೂ ಲೆಕ್ಕಕ್ಕೆ ಬರುತ್ತದೆ.

"ಆದರೆ ಮರ ಇಂಗಾಲ ಹೀರುತ್ತಲ್ವಾ?" ಅಂತ ನೀವು ಕೇಳ್ತೀರಿ. ಹೀರುತ್ತದೆ. ಹುಲ್ಲೂ ಹೀರುತ್ತದೆ. ಎಲೆ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ತಗೊಂಡು ಸಕ್ಕರೆ ಮಾಡುತ್ತದೆ. ಅದರಲ್ಲಿ ಒಂದು ಪಾಲು ಗಿಡದ ಉಸಿರಾಟದಲ್ಲೇ ವಾಪಸ್ ಗಾಳಿಗೆ. ಉಳಿದಿದ್ದು ಎಲೆ, ಕಾಂಡ, ಬೇರು. ಅವು ಸತ್ತಾಗ ಸೂಕ್ಷ್ಮಜೀವಿಗಳು ಕೊಳೆಯಿಸಿ ಹೆಚ್ಚಿನದನ್ನು ಮತ್ತೆ ಗಾಳಿಗೆ ಬಿಡುತ್ತವೆ, ಸ್ವಲ್ಪ ಮಾತ್ರ ಮಣ್ಣಿನ ಕಣಗಳಿಗೆ ಅಂಟಿಕೊಂಡು ದಶಕಗಟ್ಟಲೆ, ಕೆಲವು ಸಲ ಶತಮಾನಗಟ್ಟಲೆ ಉಳಿಯುತ್ತದೆ. ಕಾಮರ್ಸ್ ಓದಿದವನಾಗಿ ನನಗೆ ಇದು ಹೀಗೆ ಅರ್ಥ ಆಯ್ತು: ಎಲೆಯಲ್ಲಿರೋದು ಜೇಬಿನ ದುಡ್ಡು, ಮಣ್ಣಲ್ಲಿರೋದು ಎಫ್‌ಡಿ. ಮರ ತನ್ನ ಉಳಿತಾಯದಲ್ಲಿ ದೊಡ್ಡ ಪಾಲನ್ನು ನೆಲದ ಮೇಲೆ, ಕಾಂಡದಲ್ಲಿ ಇಡುತ್ತದೆ. ಕಡಿದರೆ, ಸುಟ್ಟರೆ ಹೋಯ್ತು. ಹುಲ್ಲುಗಾವಲಿನ ಇಂಗಾಲದಲ್ಲಿ ಬಹುಪಾಲು ಇರೋದು ನೆಲದಡಿ.

ಜಗತ್ತಿನ ಮಣ್ಣಿನಲ್ಲಿರುವ ಇಂಗಾಲ ಎಷ್ಟು ಗೊತ್ತಾ? ಗಾಳಿಯಲ್ಲಿರೋದು, ಗಿಡಮರಗಳಲ್ಲಿರೋದು ಎರಡೂ ಕೂಡಿಸಿದರೂ ಅದಕ್ಕಿಂತ ಕಮ್ಮಿ. ಜೆಸಿಬಿ ಹಲ್ಲು ಹಾಕಿದಾಗ ಆ ಹಳೇ ಮಣ್ಣು ಮೇಲೆ ಬಂತು, ಗಾಳಿ ತಾಗಿತು, ಸೂಕ್ಷ್ಮಜೀವಿಗಳಿಗೆ ಹಬ್ಬ. ಅಂದರೆ ನಾವು ಎಫ್‌ಡಿ ಮುರಿದು, ಬದುಕುತ್ತೋ ಇಲ್ವೋ ಗೊತ್ತಿಲ್ಲದ ಸಸಿಗೆ ಹಾಕಿ, ಅದನ್ನೇ ಹೂಡಿಕೆ ಅಂತ ಕರೆದೆವು.

ಹಾಗಂತ ಮರ ನೆಡಬೇಡಿ ಅಂತಲ್ಲ. ಕಡಿದ ಕಾಡಿನಲ್ಲಿ ಅಲ್ಲಿನದೇ ಜಾತಿ ನೆಡಿ, ಬೆಂಗಳೂರಿನ ರಸ್ತೆ ಬದಿಗೆ ಹೊಂಗೆ ನೆಡಿ. ಮಲೆನಾಡಿನ ಕಾಡಿನ ಒಂದು ಎಕರೆ ಹೆಸರಘಟ್ಟದ ಒಂದು ಎಕರೆಗಿಂತ ಹೆಚ್ಚು ಇಂಗಾಲ ಹಿಡಿದಿಟ್ಟಿರುತ್ತದೆ, ಅದೂ ನಿಜ. ಆದರೆ ಮಳೆ ಕಮ್ಮಿ ಇರೋ ಬಯಲಿನಲ್ಲಿ ಅದೇ ಕಾಡನ್ನು ಎಬ್ಬಿಸೋಕೆ ಆಗಲ್ಲ.

ನನಗೆ ಸಿಟ್ಟು ಬರೋದು 'ಪಾಳು' ಅನ್ನೋ ಪದದ ಮೇಲೆ. ಗೋಮಾಳ, ಖರಾಬು ಅಂತ ಕಾಗದದಲ್ಲಿ ಬರೆದ ಜಾಗ ಎಲ್ಲರ ಯೋಜನೆಗೂ ಸುಲಭದ ತುತ್ತು. ಹೆಸರಘಟ್ಟಕ್ಕೂ ಫಿಲಂ ಸಿಟಿ ಪ್ರಸ್ತಾಪ ಬಂದಿತ್ತು. 1890ರ ದಶಕದಲ್ಲಿ ಬೆಂಗಳೂರಿಗೆ ನೀರು ಕೊಡೋಕೆ ಶುರು ಮಾಡಿದ ಕೆರೆ ಅಲ್ಲೇ ಇದೆ, ಈ ಹುಲ್ಲಿನ ಮೇಲೆ ಬಿದ್ದ ಮಳೆ ಇಂಗಿ, ಹರಿದು ಸೇರೋದು ಅದಕ್ಕೇ. 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಇದನ್ನು ಕನ್ಸರ್ವೇಶನ್ ರಿಸರ್ವ್ ಮಾಡೋ ಪ್ರಸ್ತಾವ ತಳ್ಳಿಹಾಕಿತು. 2024ರಲ್ಲಿ ಅದೇ ಮಂಡಳಿ 5,600ಕ್ಕೂ ಹೆಚ್ಚು ಎಕರೆಗೆ ಒಪ್ಪಿಗೆ ಕೊಟ್ಟಿತು. ರಿಸರ್ವ್ ಅಂದ ತಕ್ಷಣ ದನಗಾಹಿಗಳನ್ನು ಹೊರಗೆ ಹಾಕ್ತಾರೆ ಅನ್ನೋ ಭಯ ಊರಿನವರಿಗಿರುತ್ತದೆ. ಕಾನೂನಿನ ಪ್ರಕಾರ ಈ ವರ್ಗದಲ್ಲಿ ಹಾಗೆ ಆಗಬೇಕಿಲ್ಲ.

ಹೋಗೋದಾದರೆ ಡಿಸೆಂಬರ್, ಜನವರಿಯ ಸಂಜೆ ಹೋಗಿ. ಕತ್ತಲಾಗೋ ಮುಂಚೆ ಹ್ಯಾರಿಯರ್‌ಗಳು ಹುಲ್ಲಿನ ಮೇಲೆ ತೀರಾ ಕೆಳಗೆ ತೇಲಿಕೊಂಡು ಬರುತ್ತವೆ. ಬೈಕ್ ಮಾತ್ರ ರಸ್ತೆಯಲ್ಲೇ ನಿಲ್ಲಿಸಿ, ಹುಲ್ಲಿನ ಮೇಲೆ ಓಡಿಸಬೇಡಿ.